ಮುನ್ ಮಂತ್ರಿ, ಮುಂದಿನ ಮಂತ್ರಿ: ಒಂದೇ ಪದ ಎರಡು ದಿಕ್ಕಿಗೆ ಹೊರಳುವ ಬಗೆ

ಪಕ್ಕದ ಮನೆಯ ಹುಡುಗನಿಗೆ ದುಬಾಯಿಯಲ್ಲಿ ಕೆಲಸ ಸಿಕ್ಕಿತು. ಕಾಸರಗೋಡಿನ ಬದಿಯಡ್ಕದ ಆಸುಪಾಸಿನಲ್ಲಿ ಅದೊಂದು ಸುದ್ದಿಯೇ ಅಲ್ಲ. ಹೊಸ ಪಾಸ್‌ಪೋರ್ಟು ಹಿಡಿದುಕೊಂಡು ನಮ್ಮ ಜಗಲಿಗೆ ಬಂದವನು ರಕ್ಷಾಪುಟದ ಒಳಬದಿಯನ್ನು ತೋರಿಸಿದ. ರಾಷ್ಟ್ರಪತಿಯವರ ಹೆಸರಿನಲ್ಲಿ ಅಲ್ಲೊಂದು ವಿನಂತಿ ಅಚ್ಚಾಗಿರುತ್ತದೆ. ಈ ಪುಸ್ತಕ ಹಿಡಿದು ಬಂದವರನ್ನು ‘ವಿದೌಟ್ ಲೆಟ್ ಆರ್ ಹಿಂಡ್ರನ್ಸ್’ ಸರಾಗವಾಗಿ ಹೋಗಗೊಡಬೇಕು ಎಂದು.

“ಮಾಷ್ಟ್ರೇ, ಲೆಟ್ ಎಂದರೆ ಬಿಡು ಎಂದು ನನಗೆ ಬರೆಸಿದವರು ನೀವೇ. ಹಾಗಾದರೆ ಇಲ್ಲಿ ‘ಬಿಡದೆ ಹೋಗಲು ಬಿಡಿ’ ಎಂದು ಬರೆದ ಹಾಗಾಯಿತಲ್ಲ?”

ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಹೇಳಿದವನಿಗೆ ನಿವೃತ್ತಿಯ ಮೇಲೂ ಬಿಡುವಿಲ್ಲ. ಹುಡುಗ ಕೇಳಿದ್ದು ಸರಿ, ನಾನು ಬರೆಸಿದ್ದೂ ಸರಿ. ಹಳೆಯ ಇಂಗ್ಲಿಷಿನಲ್ಲಿ ಎರಡು ಬೇರೆ ಬೇರೆ ಕ್ರಿಯಾಪದಗಳಿದ್ದವು. ಒಂದು ‘ಲ್ಯಾಟನ್’, ಬಿಡು ಎಂದರ್ಥ. ಇನ್ನೊಂದು ‘ಲೆಟ್ಟನ್’, ತಡೆ ಎಂದರ್ಥ. ಈ ಎರಡನೆಯದು ನಾವು ದಿನಾ ಹೇಳುವ ‘ಲೇಟ್’ ಪದದ ಬಳಗದ್ದು. ಯಾರನ್ನಾದರೂ ತಡಮಾಡಿಸಿದರೆ ಅದೇ ತಡೆ. ನಮ್ಮ ‘ತಡ’ ಮತ್ತು ‘ತಡೆ’ ಎಷ್ಟು ಹತ್ತಿರ ಕುಳಿತಿವೆ ನೋಡಿ. ಕಾಲ ಹೋದಂತೆ ಆ ಎರಡು ಪದಗಳ ಬಾಲ ಸವೆದು, ಎರಡೂ ‘ಲೆಟ್’ ಎಂಬ ಒಂದೇ ರೂಪಕ್ಕೆ ಬಂದು ನಿಂತವು. ತಡೆಯುವ ಲೆಟ್ ಜನರ ಬಾಯಿಯಿಂದ ಮರೆಯಾಗಿ ಕಾನೂನಿನ ಕಾಗದಗಳಲ್ಲಿ ಉಳಿಯಿತು. ಟೆನಿಸ್ಸಿನಲ್ಲೂ ಇದೆ: ಸರ್ವಿಸ್ ಮಾಡಿದ ಚೆಂಡು ಬಲೆಗೆ ತಾಗಿ ಆಚೆ ಬಿದ್ದರೆ ‘ಲೆಟ್’ ಎನ್ನುತ್ತಾರೆ. ಹೋಗಲಿ ಬಿಡು ಎಂದಲ್ಲ, ತಡೆಯಾಯಿತು, ಇನ್ನೊಮ್ಮೆ ಹೊಡೆ ಎಂದು.

ಹೀಗೆ ಒಂದೇ ಪದ ತನಗೆ ತಾನೇ ವಿರುದ್ಧಾರ್ಥಕವಾಗುವುದಕ್ಕೆ ಇಂಗ್ಲಿಷಿನಲ್ಲಿ ಎರಡು ಮುಖದ ರೋಮನ್ ದೇವತೆ ಜಾನಸ್‌ನ ಹೆಸರಿಟ್ಟಿದ್ದಾರೆ, ಜಾನಸ್ ಪದ ಎಂದು. ನಾವು ಎರಡುಮೊಗದ ಪದ ಎನ್ನಬಹುದು. ‘ಕ್ಲೀವ್’ ಇದರ ಹೆಸರಾಂತ ಉದಾಹರಣೆ. ಸೀಳು ಎಂದೂ ಹೌದು, ಅಂಟಿಕೊ ಎಂದೂ ಹೌದು. ಅಲ್ಲಿಯೂ ಹಳೆಯ ಎರಡು ಪದಗಳು ಸವೆದು ಒಂದಾದವು. ನಮ್ಮಲ್ಲಿ ಇಂಥದ್ದಿಲ್ಲವೇ ಎಂದರೆ, ‘ಕಳೆ’ ಇದೆ. ಸಂಸ್ಕೃತದ ಕಲಾ ಕನ್ನಡಕ್ಕೆ ಬಂದು ಕಳೆಯಾಯಿತು, ಮುಖಕ್ಕೆ ಕಳೆ ಬಂತು ಎನ್ನುತ್ತೇವೆ. ಗದ್ದೆಗೆ ಕಳೆ ಬಂದರೆ ಮಾತ್ರ ಯಾರೂ ಸಂತೋಷಪಡುವುದಿಲ್ಲ, ಅದು ಅಚ್ಚ ದ್ರಾವಿಡ ಕಳೆ, ಕಿತ್ತು ಬಿಸಾಡಬೇಕಾದದ್ದು. ಮದುವೆಮನೆಗೆ ಬಂದ ಕಳೆಯೂ ನೇಜಿಯ ನಡುವೆ ಬಂದ ಕಳೆಯೂ ಎಲ್ಲಿಂದಲೋ ಹೊರಟು ಒಂದೇ ಧ್ವನಿಯಲ್ಲಿ ಸಂಧಿಸಿದವು. ಇದು ಆಕಸ್ಮಿಕ, ಇದರಲ್ಲಿ ಹೆಚ್ಚು ತಿಳಿಯುವುದೇನೂ ಇಲ್ಲ.

ನನಗೆ ಕುತೂಹಲ ಇರುವುದು ಇನ್ನೊಂದು ಬಗೆಯ ಮೇಲೆ. ಪದ ಒಂದೇ, ಬೇರೂ ಒಂದೇ, ಆದರೂ ಅರ್ಥ ಎರಡು ದಿಕ್ಕಿಗೆ ಹೊರಳಿರುತ್ತದೆ. ಇದಕ್ಕೆ ಇಂಗ್ಲಿಷಿಗೆ ಹೋಗಬೇಕಾಗಿಲ್ಲ. ಹುಡುಗನ ಪ್ರಶ್ನೆಯಲ್ಲಿಯೇ ಇದ್ದ ‘ಬಿಡು’ ಸಾಕು.

ಹುಡುಗನ ತಂದೆಗೆ ರಕ್ತದೊತ್ತಡ ಇದೆ. ಎರಡು ವರ್ಷದ ಹಿಂದೆ, ಮೇ ತಿಂಗಳ ಕೊನೆಗೆ, ಬೆಂಗಳೂರಿನಲ್ಲಿರುವ ಮಗಳು ಫೋನು ಮಾಡಿ “ಅಪ್ಪಾ, ಮದ್ದು?” ಎಂದು ಕೇಳಿದಳು. ಇವರು ಹೆಮ್ಮೆಯಿಂದ “ಮದ್ದು ಬಿಟ್ಟಾಯಿತು. ಇನ್ನು ನಲವತ್ತು ದಿವಸ ಚಿಂತೆಯಿಲ್ಲ” ಎಂದರು. ಮಗಳು ಮರುದಿನದ ಬಸ್ಸಿಗೆ ಹೊರಟು ಬಂದಳು. ಅವಳು ಕೇಳಿದ್ದು ಮಾತ್ರೆಯ ವಿಷಯ. ಅವರು ಹೇಳಿದ್ದು ಅಡಿಕೆ ಮರದ ವಿಷಯ. ಮಳೆಗಾಲಕ್ಕೆ ಮೊದಲು ಕೊಳೆರೋಗ ತಡೆಯಲು ನಾವು ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸುತ್ತೇವೆ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಅದನ್ನು ಸಿಂಪಡಿಸುವುದು ಎಂದು ಹೇಳುವುದು ಕೃಷಿ ಕಚೇರಿಯ ಕರಪತ್ರ ಮಾತ್ರ. ಊರಿನ ಬಾಯಲ್ಲಿ ಅದು ಮದ್ದು ಬಿಡುವುದು. ಆ ದಿನ ಅವರು ಮದ್ದು ಬಿಟ್ಟಿದ್ದರೋ, ತೋಟಕ್ಕೆ ಮದ್ದು ಬಿಟ್ಟಿದ್ದರೋ ಎಂದು ನಾವು ಇವತ್ತಿಗೂ ತಮಾಷೆ ಮಾಡುತ್ತೇವೆ.

ಹೀಗೆ ನೋಡುತ್ತಾ ಹೋದರೆ ‘ಬಿಡು’ ಒಂದು ದೊಡ್ಡ ಸಂಸಾರ. ಸಿಗರೇಟು ಬಿಟ್ಟ ಎಂದರೆ ಅದು ಈಗ ಅವನ ಬಳಿ ಇಲ್ಲ. ಗಡ್ಡ ಬಿಟ್ಟ ಎಂದರೆ ಅದು ಈಗ ಅವನ ಬಳಿ ಇದೆ. ಮಗುವಿಗೆ ಹಾಲು ಬಿಡಿಸಿದರು ಎಂದರೆ ಇನ್ನು ಕುಡಿಯುವಂತಿಲ್ಲ, ಕರುವನ್ನು ಹಾಲಿಗೆ ಬಿಟ್ಟರು ಎಂದರೆ ಈಗ ಕುಡಿಯುತ್ತಿದೆ. ‘ಹೇಳುವುದನ್ನು ಬಿಡು’ ಎಂದರೆ ಬಾಯಿ ಮುಚ್ಚು, ‘ಹೇಳಿಬಿಡು’ ಎಂದರೆ ಬಾಯಿ ಬಿಡು. ಹೊರನಾಡಿನವರು ಕನ್ನಡ ಕಲಿಯುವಾಗ ಇಲ್ಲಿ ತಲೆ ಕೆಡಿಸಿಕೊಳ್ಳುತ್ತಾರೆ, ನಮಗೆ ಒಂದು ಕ್ಷಣವೂ ಗೊಂದಲವಾಗುವುದಿಲ್ಲ.

ಯಾಕೆಂದರೆ ‘ಬಿಡು’ ಎಂಬುದರ ಒಳಗೆ ವಿರೋಧವೇ ಇಲ್ಲ. ಅದರ ತಿರುಳು ಒಂದೇ: ಹಿಡಿತ ಸಡಿಲಿಸುವುದು. ಹಿಡಿತ ಸಡಿಲಿಸಿದ ಮೇಲೆ ಆ ವಸ್ತು ತನ್ನ ಸ್ವಭಾವದಂತೆ ನಡೆಯುತ್ತದೆ. ಸಿಗರೇಟಿಗೆ ಕಾಲಿಲ್ಲ, ಬಿಟ್ಟರೆ ಅಲ್ಲೇ ಉಳಿಯುತ್ತದೆ, ಮನುಷ್ಯ ಮುಂದೆ ಹೋಗುತ್ತಾನೆ. ಗಡ್ಡ ಹಾಗಲ್ಲ, ಕತ್ತಿಯ ಹಿಡಿತ ತಪ್ಪಿದರೆ ಬೆಳೆಯುವುದೇ ಅದರ ಕೆಲಸ. ‘ತೆಗೆ’ಯೂ ಇದೇ ಜಾತಿಯದು. ಗೋಡೆಯಿಂದ ಫೋಟೋ ತೆಗೆದರೆ ಗೋಡೆ ಬರಿದು, ಮೊಬೈಲಿನಲ್ಲಿ ಫೋಟೋ ತೆಗೆದರೆ ಇಲ್ಲದ್ದು ಹುಟ್ಟುತ್ತದೆ. ಮತದಾರರ ಪಟ್ಟಿಯಿಂದ ಹೆಸರು ತೆಗೆದರೆ ಜಗಳ, ಊರಿನಲ್ಲಿ ಒಳ್ಳೆಯ ಹೆಸರು ತೆಗೆದರೆ ಸನ್ಮಾನ.

ಇಂಗ್ಲಿಷಿನ ‘ಡಸ್ಟ್’ ಈ ಕೀಲಿಯಿಂದಲೇ ತೆರೆದುಕೊಳ್ಳುತ್ತದೆ. ಮನೆಯಲ್ಲಿ ಡಸ್ಟಿಂಗ್ ಎಂದರೆ ಧೂಳು ಒರೆಸುವುದು. ರಬ್ಬರ್ ತೋಟದಲ್ಲಿ ಡಸ್ಟಿಂಗ್ ಎಂದರೆ ಎಲೆಗೆ ಬೂದಿರೋಗ ಬಾರದಂತೆ ಗಂಧಕದ ಹುಡಿ ಹಾರಿಸುವುದು. ಪದಕ್ಕೆ ಗೊತ್ತಿರುವುದು ಹುಡಿಗೆ ಸಂಬಂಧಿಸಿದ ಕೆಲಸ ಎಂಬಷ್ಟೇ, ಹಾಕುವುದೋ ತೆಗೆಯುವುದೋ ಎಂಬುದನ್ನು ಜಾಗ ಹೇಳುತ್ತದೆ.

‘ಫಾಸ್ಟ್’ನ ಕತೆ ಸ್ವಲ್ಪ ಉದ್ದ. ಕೇರಳ ಸಾರಿಗೆಯ ‘ಫಾಸ್ಟ್ ಪ್ಯಾಸೆಂಜರ್’ ಬಸ್ಸುಗಳನ್ನು ನಾವು ದಿನಾ ಕಾಣುತ್ತೇವೆ. ಅದು ಬೇಗ ಹೋಗಬೇಕು ಎಂಬುದು ಉದ್ದೇಶ. ಬಸ್ಸಿಳಿದು ಜವಳಿ ಅಂಗಡಿಗೆ ಹೊಕ್ಕರೆ ಅಂಗಡಿಯವನು ಸೀರೆಯ ಸೆರಗು ಉಜ್ಜಿ ತೋರಿಸಿ “ಕಲರ್ ಫಾಸ್ಟ್” ಎನ್ನುತ್ತಾನೆ. ಇಲ್ಲಿ ಬಣ್ಣ ಎಲ್ಲಿಗೂ ಹೋಗಬಾರದು. ಇವುಗಳಲ್ಲಿ ಹಳೆಯದು ಸೀರೆಯ ಅರ್ಥ: ಅಲುಗಾಡದ, ಬಿಗಿಯಾದ. ‘ಬಿಗಿಯಾಗಿ ಓಡು’ ಎಂದರೆ ಪಟ್ಟು ಬಿಡದೆ ಓಡು, ಅಲ್ಲಿಂದ ಮೆಲ್ಲಗೆ ಬೇಗ ಓಡು. ನಂಬುವುದು ಕಷ್ಟ ಎಂದರೆ ನಮ್ಮ ‘ಗಟ್ಟಿ’ಯನ್ನು ನೋಡಿ. ಗಟ್ಟಿಯಾಗಿ ಹಿಡಿ ಎಂದರೆ ಅಲುಗಾಡಬೇಡ, ಗಟ್ಟಿಯಾಗಿ ಹೇಳು ಎಂದರೆ ದೊಡ್ಡ ಸ್ವರದಲ್ಲಿ ಹೇಳು. ಕಲ್ಲಿನ ಗುಣವೊಂದು ಧ್ವನಿಯ ಜೋರಾದಂತೆ, ಅಲ್ಲಿ ಗೂಟದ ಗುಣವೊಂದು ಕುದುರೆಯ ವೇಗವಾಯಿತು. ಉಪವಾಸಕ್ಕೂ ಫಾಸ್ಟ್ ಎನ್ನುವುದು ವ್ರತವನ್ನು ಬಿಗಿಯಾಗಿ ಹಿಡಿಯುವುದರಿಂದಲೇ.

‘ಸ್ಯಾಂಕ್ಷನ್’ ಬ್ಯಾಂಕಿನಲ್ಲಿ ಮಂಜೂರಾತಿ, ವಿದೇಶ ಸುದ್ದಿಯ ಪುಟದಲ್ಲಿ ನಿರ್ಬಂಧ. ಲ್ಯಾಟಿನ್ ಮೂಲದ ಅರ್ಥ ಒಂದು ಕಟ್ಟಳೆಯನ್ನು ಪವಿತ್ರವೆಂದು ವಿಧಿಸುವುದು. ಕಟ್ಟಳೆಯೆಂದ ಮೇಲೆ ಒಪ್ಪಿಗೆಯೂ ಅದರಿಂದ, ಮುರಿದವರಿಗೆ ಶಿಕ್ಷೆಯೂ ಅದರಿಂದ. ‘ಓವರ್‌ಸೈಟ್’ ಎಂದರೆ ಮೇಲಿನಿಂದ ನೋಡಿಕೊಳ್ಳುವುದು, ಮೇಲೆ ಮೇಲೆ ನೋಡಿದ್ದರಿಂದ ಕಣ್ಣು ತಪ್ಪಿಸಿಕೊಂಡದ್ದೂ ಅದೇ. ಮೇಲ್ವಿಚಾರಕರ ಕೆಳಗೆ ಕೆಲಸ ಮಾಡಿದವರಿಗೆ ಇವೆರಡೂ ಒಂದೇ ಪದವಾದದ್ದರಲ್ಲಿ ಆಶ್ಚರ್ಯ ಕಾಣದು. ಇನ್ನು ‘ಟೇಬಲ್’: ಬ್ರಿಟಿಷರಿಗೆ ಒಂದು ವಿಷಯವನ್ನು ಟೇಬಲ್ ಮಾಡುವುದೆಂದರೆ ಚರ್ಚೆಗೆ ಮಂಡಿಸುವುದು, ಅಮೆರಿಕನ್ನರಿಗೆ ಬದಿಗಿಡುವುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಎರಡೂ ಕಡೆಯ ಅಧಿಕಾರಿಗಳು ಈ ಒಂದು ಪದಕ್ಕಾಗಿ ಬಹಳ ಹೊತ್ತು ವಾದಿಸಿದರು, ಕೊನೆಗೆ ನೋಡಿದರೆ ಇಬ್ಬರಿಗೂ ಬೇಕಾಗಿದ್ದದ್ದು ಒಂದೇ ಆಗಿತ್ತು ಎಂದು ಚರ್ಚಿಲ್ ತಮ್ಮ ಯುದ್ಧದ ನೆನಪುಗಳಲ್ಲಿ ಬರೆದಿದ್ದಾರೆ.

ಇಂಥ ಪದಗಳನ್ನು ಮೊದಲು ಗಮನಿಸಿದವರು ಇಂಗ್ಲಿಷರಲ್ಲ. ಅರಬ್ ವೈಯಾಕರಣರು ಇವನ್ನು ‘ಅದ್ದಾದ್’ ಎಂದು ಕರೆದು, ಅವಕ್ಕಾಗಿಯೇ ಕೋಶಗಳನ್ನು ಬರೆದರು; ಬಗ್ದಾದಿನ ಇಬ್ನ್ ಅಲ್ ಅನ್ಬಾರಿ ಅವರಲ್ಲೊಬ್ಬ, ಕ್ರಿ.ಶ. 940ರಲ್ಲಿ ತೀರಿಕೊಂಡವನು. ಅರಬ್ಬಿಯ ‘ಮೌಲಾ’ ಒಡೆಯನೂ ಹೌದು, ಒಡೆಯನ ಆಶ್ರಿತನೂ ಹೌದು. ನಮ್ಮ ಕಡೆ ಹಿಂದೆ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದ ಅಮರಕೋಶದಲ್ಲಿಯೂ ‘ಆರಾದ್ದೂರಸಮೀಪಯೋಃ’ ಎಂದಿದೆ. ‘ಆರಾತ್’ ಎಂದರೆ ದೂರ ಎಂದೂ ಹತ್ತಿರ ಎಂದೂ. ಅರ್ಥ ಕೇಳಿದರೆ ಬೆನ್ನಿಗೆ ಬೀಳುತ್ತಿದ್ದುದರಿಂದ ಯಾರೂ ಕೇಳುತ್ತಿರಲಿಲ್ಲ.

1910ರಲ್ಲಿ ಮನೋವಿಶ್ಲೇಷಕ ಸಿಗ್ಮಂಡ್ ಫ್ರಾಯ್ಡ್ ಇದಕ್ಕೊಂದು ದೊಡ್ಡ ಸಿದ್ಧಾಂತವನ್ನೇ ಕಟ್ಟಿದ. ಆದಿಮಾನವನ ಮನಸ್ಸಿಗೆ ಬೆಳಕು–ಕತ್ತಲೆ, ಬಲ–ದುರ್ಬಲತೆ ಬೇರೆಯಾಗಿ ತೋರುತ್ತಿರಲಿಲ್ಲ, ಅದಕ್ಕೇ ಹಳೆಯ ಪದಗಳಿಗೆ ಎರಡೂ ಅರ್ಥ, ಕನಸುಗಳೂ ಹಾಗೆಯೇ ಎಂದ. ಕೇಳಲು ಸೊಗಸು. ಭಾಷಾವಿಜ್ಞಾನಿಗಳು ಒಪ್ಪಲಿಲ್ಲ. ಫ್ರಾನ್ಸಿನ ಎಮಿಲ್ ಬೆನ್‌ವೆನಿಸ್ಟ್ 1956ರಲ್ಲಿ ಬರೆದ ಉತ್ತರದಲ್ಲಿ ‘ಆಲ್ಟುಸ್’ ಎಂಬ ಲ್ಯಾಟಿನ್ ಪದವನ್ನು ಎತ್ತಿಕೊಂಡ. ಅದಕ್ಕೆ ಎತ್ತರ ಎಂದೂ ಆಳ ಎಂದೂ ಅರ್ಥ ಹೇಳುತ್ತೇವೆ. ಆದರೆ ಆ ಭಾಷೆಯಾಡುವವನು ಯಾವಾಗಲೂ ಬುಡದಿಂದ ಮೇಲಕ್ಕೆ ಅಳೆಯುತ್ತಿದ್ದ. ಮರವನ್ನು ಬುಡದಿಂದ, ಬಾವಿಯನ್ನೂ ಬುಡದಿಂದ. ಅವನಿಗೆ ಅದು ಒಂದೇ ಅಳತೆ, ಬಾವಿಕಟ್ಟೆಯ ಮೇಲೆ ನಿಂತು ಬಗ್ಗಿ ನೋಡುವ ನಮಗೆ ಎರಡು. ನಮ್ಮ ಗುಡ್ಡಗಳಲ್ಲಿ ಸುರಂಗ ತೋಡುವವರು ಈ ಮಾತನ್ನು ಬೇಗ ಹಿಡಿಯುತ್ತಾರೆ. ಒಳಗೆ ಕುಳಿತು ಮಣ್ಣು ಅಗೆಯುವವನಿಗೂ ಹೊರಗೆ ನಿಂತು ಬುಟ್ಟಿ ಎಳೆಯುವವನಿಗೂ ‘ಆಚೆ’ ಎಂಬುದು ಒಂದೇ ಕಡೆ ಇರುವುದಿಲ್ಲ.

ಎಲ್ಲಿ ನಿಂತು ನೋಡುತ್ತೇವೆ ಎಂಬ ಈ ಪ್ರಶ್ನೆ ನನಗೆ ಮೊದಲು ಎದುರಾದದ್ದು ಒಂದು ಭಿತ್ತಿಪತ್ರದಲ್ಲಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಹುಟ್ಟಿದ ನಮ್ಮ ತಲೆಮಾರಿನ ಬಹಳ ಮಂದಿ ಮನೆಯಲ್ಲಿ ಒಂದು, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಕಲಿತು, ಮಲೆಯಾಳದ ಅಕ್ಷರವನ್ನು ಬಸ್ಸಿನ ಬೋರ್ಡುಗಳಿಂದ ತಾವೇ ಹೆಕ್ಕಿಕೊಂಡವರು. ಒಂದು ದಿನ ಪೇಟೆಯ ಗೋಡೆಯ ಮೇಲೆ ಅಕ್ಷರ ಕೂಡಿಸಿ ಓದಿದೆ: ಉದ್ಘಾಟನೆಗೆ ಬರುವವರು ‘ಮುನ್ ಮಂತ್ರಿ’. ಮುನ್ ಎಂದರೆ ಮುಂದಿನ. ಮುಂದೆ ಮಂತ್ರಿಯಾಗುವವರು ಯಾರೆಂದು ಇವರಿಗೆ ಈಗಲೇ ಹೇಗೆ ಗೊತ್ತಾಯಿತು ಎಂದು ಬೆರಗಾಯಿತು. ಮನೆಗೆ ಬಂದು ದೊಡ್ಡದಾಗಿ ಹೇಳಿದೆ. ಅಪ್ಪ ನಕ್ಕು ನಕ್ಕು ಕೆಮ್ಮಿದರು. ಮಲೆಯಾಳದಲ್ಲಿ ಮುನ್ ಮಂತ್ರಿ ಎಂದರೆ ಮಾಜಿ ಮಂತ್ರಿ.

ಆಮೇಲೆ ‘ಪಿನ್ನೆ’ ಸಿಕ್ಕಿತು. ‘ಪಿನ್ನೆ ಕಾಣಾಂ’ ಎಂದರೆ ಆಮೇಲೆ ಕಾಣೋಣ. ಪಿನ್ ಎಂಬುದು ನಮ್ಮ ‘ಹಿಂದೆ’ಯೇ, ಹಳಗನ್ನಡದಲ್ಲಿ ಅದು ‘ಪಿಂದೆ’ ಆಗಿತ್ತು, ಪಾಲು ಹಾಲಾದ ಹಾಗೆ ಪಿಂದೆ ಹಿಂದೆಯಾಯಿತು. ಆದರೆ ‘ಹಿಂದೆ ಕಂಡಿದ್ದೆ’ ಎಂದರೆ ನಮಗೆ ಕಳೆದುಹೋದ ಕಾಲ. ಅವರ ಮುನ್ ಹೋದದ್ದು, ನಮ್ಮ ಮುಂದೆ ಬರುವಂಥದ್ದು. ಅವರ ಪಿನ್ ಬರುವಂಥದ್ದು, ನಮ್ಮ ಹಿಂದೆ ಹೋದದ್ದು. ಒಂದೇ ತಾಯಿಯ ಎರಡು ಮಕ್ಕಳು ಬೆನ್ನಿಗೆ ಬೆನ್ನು ಹಾಕಿ ನಿಂತ ಹಾಗೆ.

ಕನ್ನಡವೇ ಸರಿ, ಮಲೆಯಾಳ ತಿರುಗುಮುರುಗು ಎಂದು ಆಗ ತೀರ್ಮಾನಿಸಿದ್ದೆ. ಶಾಲೆಯಲ್ಲಿ ಪಾಠ ಮಾಡತೊಡಗಿದ ಮೇಲೆ ಗರ್ವ ಇಳಿಯಿತು. ಯಾಕೆಂದರೆ ಕನ್ನಡದೊಳಗೇ ಎರಡೂ ಇವೆ. ‘ಮುಂದಿನ ವಾರ ಮುಂಗಾರು ಬರುವ ಮುನ್ನ ಮುಂಗಡ ಕೊಡಿ’ ಎಂಬ ವಾಕ್ಯವನ್ನು ನೋಡಿ. ತೋಟದ ಕೆಲಸದವರು ಹೇಳಬಹುದಾದ ಮಾತೇ. ಇಲ್ಲಿ ‘ಮುಂದಿನ’ ಒಂದೇ ಬರುವ ಕಾಲವನ್ನು ತೋರಿಸುತ್ತದೆ. ಮುಂಗಾರು ಎಂದರೆ ಮೊದಲು ಬರುವ ಮಳೆ, ಹಿಂಗಾರು ಆಮೇಲಿನದು. ಮುನ್ನ ಎಂದರೆ ಮೊದಲು, ಮುಂಗಡ ಎಂದರೆ ಕೆಲಸಕ್ಕಿಂತ ಮೊದಲೇ ಕೊಡುವ ಹಣ. ‘ನೀವು ಹೋಗಿ, ನಾನು ಹಿಂದಿನಿಂದ ಬರುತ್ತೇನೆ’ ಎನ್ನುವಾಗ ನಾವೂ ಮಲೆಯಾಳಿಗಳೇ.

ಗುಟ್ಟು ಇಷ್ಟೇ. ಕಾಲವನ್ನು ನೋಡಲು ಎರಡು ಜಾಗಗಳಿವೆ. ಒಂದು, ನಾನು ದಾರಿಯಲ್ಲಿ ನಡೆಯುತ್ತಿದ್ದೇನೆ; ನನ್ನ ಮುಖದೆದುರು ಇರುವುದು ಇನ್ನೂ ತಲುಪದ ಊರು. ಆಗ ‘ಮುಂದೆ’ ಎಂದರೆ ಬರುವ ಕಾಲ. ಇನ್ನೊಂದು, ನಾನು ನಡೆಯುತ್ತಿಲ್ಲ, ದಿನಗಳೇ ರೇಷನ್ ಅಂಗಡಿಯ ಸಾಲಿನಂತೆ ಒಂದರ ಬೆನ್ನಿಗೊಂದು ನಿಂತಿವೆ. ಸಾಲಿನ ಮುಂದೆ ಇದ್ದವನು ಮೊದಲು ಅಕ್ಕಿ ತೆಗೆದುಕೊಂಡು ಹೋದವನು, ಹಿಂದೆ ಇರುವವನು ಆಮೇಲೆ ತೆಗೆದುಕೊಳ್ಳುವವನು. ಈ ಲೆಕ್ಕದಲ್ಲಿ ‘ಮುನ್’ ಎಂದರೆ ಆಗಿಹೋದದ್ದು. ಮುನ್ ಮಂತ್ರಿ ಸಾಲಿನಲ್ಲಿ ನಮಗಿಂತ ಮುಂದಿದ್ದು ಅಕ್ಕಿ ಕಟ್ಟಿಕೊಂಡು ಹೋದವರು, ಮುಂದಿನ ಮಂತ್ರಿ ನಮ್ಮ ದಾರಿಯಲ್ಲಿ ಇನ್ನೂ ಸಿಗಬೇಕಾದವರು. ಇಂಗ್ಲಿಷಿನ ‘ಬಿಫೋರ್’ ಕೂಡ ಹೀಗೇ. ಹೋದ ವರ್ಷಕ್ಕೂ ಅದು, ನಮ್ಮೆದುರು ಇರುವ ಕೆಲಸಕ್ಕೂ ಅದು.

ಇದು ಬರೀ ಪದದ ಆಟವಲ್ಲ ಎಂದು ತೋರಿಸಿದ ಪ್ರಯೋಗವೊಂದಿದೆ. ‘ಬುಧವಾರದ ಸಭೆಯನ್ನು ಎರಡು ದಿನ ಮುಂದೆ ಸರಿಸಲಾಗಿದೆ, ಸಭೆ ಯಾವ ದಿನ?’ ಎಂಬರ್ಥದ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿದರೆ ಕೆಲವರು ಸೋಮವಾರ ಎನ್ನುತ್ತಾರೆ, ಕೆಲವರು ಶುಕ್ರವಾರ. ಮನೋವಿಜ್ಞಾನಿಗಳಾದ ಲೆರಾ ಬೊರೊಡಿಟ್ಸ್ಕಿ ಮತ್ತು ಮೈಕಲ್ ರಾಮ್‌ಸ್ಕರ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿಮಾನ ನಿಲ್ದಾಣದಲ್ಲಿ ಈ ಪ್ರಶ್ನೆ ಕೇಳಿದಾಗ, ಆಗಷ್ಟೇ ಪ್ರಯಾಣಿಸಿ ಇಳಿದವರು ಶುಕ್ರವಾರ ಎನ್ನುವುದು ಹೆಚ್ಚಾಗಿತ್ತು. ದೇಹ ದಾರಿ ಸವೆಸಿ ಬಂದಿತ್ತು, ಮನಸ್ಸು ಅದರ ಜೊತೆಗೇ ಮುಂದೆ ಹೋಯಿತು. ಕನ್ನಡದಲ್ಲಿ ಈ ಸಂದೇಹ ಕಡಿಮೆ, ‘ಮುಂದೂಡು’ ಎಂದರೆ ತಡವಾಗಿಸು ಎಂದೇ ಗಟ್ಟಿಯಾಗಿದೆ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತದ ಐಮಾರ ಭಾಷಿಗರು ಇನ್ನೊಂದು ಹೆಜ್ಜೆ ಆಚೆ ಹೋಗಿ, ಕಳೆದ ಕಾಲ ಕಣ್ಣೆದುರು, ಬರುವ ಕಾಲ ಬೆನ್ನ ಹಿಂದೆ ಎನ್ನುತ್ತಾರೆ. ಕಂಡದ್ದು ಎದುರಿಗೆ, ಕಾಣದ್ದು ಬೆನ್ನಿಗೆ. ತಪ್ಪೇನು?

ಗಡಿಯ ಇನ್ನೊಂದು ತುದಿಗೆ, ಅಕ್ಕಲಕೋಟೆ ಮತ್ತು ಜತ್ತದ ಕಡೆಗೆ ಹೋದರೆ ಅಲ್ಲಿನ ಕನ್ನಡಿಗರ ಕಿವಿಗೆ ದಿನಾ ಬೀಳುವುದು ಮರಾಠಿಯ ‘ಪರವಾ’. ಅದು ಮೊನ್ನೆಯೂ ಹೌದು, ನಾಡಿದ್ದೂ ಹೌದು. ಹಿಂದಿಯ ‘ಕಲ್’ ನಿನ್ನೆಯೂ ನಾಳೆಯೂ. ಅಲ್ಲಿ ಮುಖ್ಯ ಇವತ್ತಿನಿಂದ ಎಷ್ಟು ದಿನ ದೂರ ಎಂಬುದು, ಯಾವ ಕಡೆ ಎಂಬುದನ್ನು ಕ್ರಿಯಾಪದಕ್ಕೆ ಬಿಟ್ಟಿದ್ದಾರೆ. ನಮ್ಮ ತೋಟಗಳಿಗೆ ಉತ್ತರದಿಂದ ಬರುವ ಕೆಲಸದವರು ‘ಕಲ್’ ಎಂದು ನಿಲ್ಲಿಸಿದರೆ ಕೂಲಿ ಲೆಕ್ಕ ಬರೆಯುವವರು ಪೆನ್ನು ಎತ್ತಿ ಹಿಡಿದು ಕ್ರಿಯಾಪದಕ್ಕೆ ಕಾಯುತ್ತಾರೆ. ಅವರಲ್ಲಿ ಬಂಗಾಳದ ಒಬ್ಬ ಹುಡುಗನಿಂದ ನಾನೊಂದು ಪದ ಕಲಿತೆ. ತಡವಾಗಿ ಬಂದದ್ದಕ್ಕೆ ‘ರಾಗ್’ ಮಾಡಬೇಡಿ ಎಂದ. ಬಂಗಾಳಿಯಲ್ಲಿ ರಾಗ ಎಂದರೆ ಸಿಟ್ಟು. ಸಂಸ್ಕೃತದಲ್ಲಿ ರಾಗ ಎಂದರೆ ಒಲವು, ಅನುರಾಗ ಅಲ್ಲಿಂದಲೇ ಬಂತು. ಬೇರಿನಲ್ಲಿರುವುದು ಕೆಂಪೇರುವುದು, ಬಣ್ಣ ಹತ್ತುವುದು. ಮುಖ ಕೆಂಪಾಗಲು ಕಾರಣ ಎರಡಿರಬಹುದಲ್ಲ, ನಾವೊಂದನ್ನು ಇಟ್ಟುಕೊಂಡೆವು, ಅವರು ಇನ್ನೊಂದನ್ನು.

ಒಲವಿನ ಮಾತು ಬಂದದ್ದರಿಂದ ‘ಒಲ್ಲೆ’ಯನ್ನು ಹೇಳಿ ಮುಂದೆ ಹೋಗುತ್ತೇನೆ. ಒಲ್ ಎಂದರೆ ಪ್ರೀತಿಸು, ಒಪ್ಪು. ಒಲಿ, ಒಲವು ಎಲ್ಲ ಅದರ ಮಕ್ಕಳು. ಆದರೆ ‘ಒಲ್ಲೆ’ ಎಂದರೆ ಬೇಡ! ನಕಾರ ಎಲ್ಲಿಂದ ಬಂತು? ಹಳಗನ್ನಡದಲ್ಲಿ ಧಾತುವಿಗೆ ಕಾಲಸೂಚಕವನ್ನು ಹಚ್ಚದೆ ನೇರವಾಗಿ ಪುರುಷ ಪ್ರತ್ಯಯ ಹಚ್ಚಿದರೆ ನಿಷೇಧವಾಗುತ್ತಿತ್ತು. ಅರಿ ಎಂದರೆ ತಿಳಿ, ಅರಿಯೆ ಎಂದರೆ ನನಗೆ ತಿಳಿಯದು. ಕಾಲವೇ ಇಲ್ಲದ ಕೆಲಸ ಆಗದ ಕೆಲಸ, ಎಂಥ ಅಚ್ಚುಕಟ್ಟು! ದೇವರಲ್ಲಿ ‘ಬೇಡು’ವ ನಾವು ಊಟಕ್ಕೆ ‘ಬೇಡ’ ಎನ್ನುವುದೂ ಇದೇ ರೀತಿ. ನಮ್ಮ ಹವ್ಯಕ ಮನೆಗಳಲ್ಲಿ ಇದು ಇನ್ನೂ ಉಸಿರಾಡುತ್ತಿದೆ: ‘ಎಡಿಗು’ ಎಂದರೆ ಸಾಧ್ಯ, ‘ಎಡಿಯ’ ಎಂದರೆ ಸಾಧ್ಯವಿಲ್ಲ. ‘ಅಕ್ಕು’ ಎಂದರೆ ಆಗಬಹುದು, ‘ಆಗ’ ಎಂದರೆ ಆಗದು. ಘಟ್ಟದ ಮೇಲಿನ ನೆಂಟರು ಆ ‘ಆಗ’ವನ್ನು ಕೇಳಿ “ಯಾವಾಗ?” ಎನ್ನುತ್ತಾರೆ.

ಮಲೆಯಾಳದ ‘ವೇಂಡ’ ನಮ್ಮ ಬೇಡವೇ. ಅಷ್ಟು ಕಲಿತ ಧೈರ್ಯದಲ್ಲಿ ಒಬ್ಬ ಗೆಳೆಯರು ಮದುವೆಮನೆಯಲ್ಲಿ ಪೇಚಿಗೆ ಸಿಕ್ಕಿದರು. ಮನೆಯ ಯಜಮಾನರು ಇವರನ್ನು ಎಲ್ಲರಿಗೂ ತೋರಿಸಿ “ನಮ್ಮ ವೇಂಡಪ್ಪೆಟ್ಟವರ್” ಎಂದು ಪರಿಚಯಿಸಿದರಂತೆ. ಬೇಡವಾದವರು ಎಂದು ಕೇಳಿಸಿ ಇವರ ಮುಖ ಸಣ್ಣದಾಯಿತು. ವೇಂಡಪ್ಪೆಟ್ಟವರ್ ಎಂದರೆ ಬೇಕಾದವರು, ಹತ್ತಿರದವರು. ಬೇಡುವ ಬೇರಿಗೆ ನಕಾರ ಅಂಟುವ ಮೊದಲೇ ಈ ಪದ ಕವಲೊಡೆದಿದೆ. ಪಾಯಸದ ಹೊತ್ತಿಗೆ ಯಾರೋ ಬಿಡಿಸಿ ಹೇಳಿದ್ದರಿಂದ ನೆಂಟಸ್ತಿಕೆ ಉಳಿಯಿತು.

‘ಉಂಡು’ ಇನ್ನೂ ಮೋಜಿನದು. ತುಳುವಿನಲ್ಲೂ ಮಲೆಯಾಳದಲ್ಲೂ ಉಂಡು ಎಂದರೆ ಇದೆ. ಕನ್ನಡದಲ್ಲಿ ಉಂಡು ಎಂದರೆ ತಿಂದು ಮುಗಿಸಿ. ಹೋಟೆಲಿನ ಬಾಗಿಲಲ್ಲಿ ನಿಂತು ಊಟದ ವಿಚಾರ ಕೇಳುವ ಹೊಸಬ ಕನ್ನಡಿಗನಿಗೆ ಒಳಗಿನಿಂದ “ಉಂಡು, ಉಂಡು” ಎಂದು ಉತ್ತರ ಬಂದರೆ, ಎಲ್ಲರೂ ಉಂಡಾಯಿತು, ಅನ್ನ ಮುಗಿಯಿತು ಎಂದೇ ಅವನು ಹಿಂದಿರುಗಬೇಕು.

ದೂರದ ಭಾಷೆಗಳಲ್ಲಿ ಇಂಥ ಗುಂಡಿಗಳು ಬೇಕಾದಷ್ಟಿವೆ. ಕೋಟಿಕುಳಂ, ಉದುಮದ ಕಡೆ ಹಡಗಿನಲ್ಲಿ ದುಡಿದವರು ಅನೇಕರಿದ್ದಾರೆ. ಅವರಲ್ಲೊಬ್ಬರು ಇಟಲಿಯ ಬಂದರಿನ ವಸತಿಗೃಹದಲ್ಲಿ ‘ಸಿ’ ಎಂದು ಬರೆದ ನಲ್ಲಿಯನ್ನು ಕೋಲ್ಡ್ ಎಂದು ನಂಬಿ ತಿರುಗಿಸಿ ಕೈ ಸುಟ್ಟುಕೊಂಡಿದ್ದರು. ಇಟಾಲಿಯನ್ ಭಾಷೆಯ ‘ಕಾಲ್ದೊ’ ಎಂದರೆ ಬಿಸಿ. ಕೋಲ್ಡಿಗೂ ಕಾಲ್ದೊವಿಗೂ ನೆಂಟಸ್ತಿಕೆಯಿಲ್ಲ, ಬರೀ ಧ್ವನಿಯ ಹೋಲಿಕೆ, ನಮ್ಮ ಕಳೆಯ ಹಾಗೆ. ಗ್ರೀಕರ ‘ನೆ’ ಎಂದರೆ ಹೌದು ಎಂಬುದೂ ಅಂಥದ್ದೇ. ಆದರೆ ಜರ್ಮನ್ ಭಾಷೆಯ ‘ಗಿಫ್ಟ್’ ಹಾಗಲ್ಲ. ಅಲ್ಲಿ ಅದರ ಅರ್ಥ ವಿಷ. ಇಂಗ್ಲಿಷಿನ ಗಿಫ್ಟಿಗೂ ಅದಕ್ಕೂ ಒಂದೇ ಬೇರು, ಕೊಡುವುದು. ಕೊಡುವುದು ಏನನ್ನು ಎಂಬಲ್ಲಿ ದಾರಿ ಬೇರೆಯಾಯಿತು.

ಕೊನೆಯ ಬಗೆಯೊಂದು ಉಳಿದಿದೆ. ಇಲ್ಲಿ ಪದ ತಾನಾಗಿ ಹೊರಳುವುದಿಲ್ಲ, ನಾವೇ ಹೆದರಿ ಹೊರಳಿಸುತ್ತೇವೆ. ಬಳೆ ಒಡೆಯಿತು ಎನ್ನಬಾರದು, ಬಳೆ ಹೆಚ್ಚಿತು ಎನ್ನಬೇಕು. ದೀಪ ಆರಿಸು ಎನ್ನಬಾರದು, ದೀಪ ದೊಡ್ಡದು ಮಾಡು ಎನ್ನಬೇಕು. ತಮಿಳರು ನಾಗರಹಾವನ್ನು ‘ನಲ್ಲ ಪಾಂಬು’, ಒಳ್ಳೆಯ ಹಾವು, ಎನ್ನುತ್ತಾರೆ. ಒಳ್ಳೆಯದೆಂದರೆ ಅದು ಒಳ್ಳೆಯದಾಗಿ ಇರಲಿ ಎಂದು. ಮಲೆಯಾಳಿಗಳು ಅದೇ ಹಾವನ್ನು ‘ಮೂರ್ಖನ್’ ಎನ್ನುತ್ತಾರೆ. ಇವೆರಡರಲ್ಲಿ ಹಾವಿಗೆ ಯಾವುದು ಇಷ್ಟವೋ!

ಹುಡುಗ ಹೊರಡುವ ದಿನ ನಸುಕಿಗೇ ಮಂಗಳೂರು ವಿಮಾನ ನಿಲ್ದಾಣಕ್ಕೆ ಕಾರು ಬಂದಿತ್ತು. ಪಾಸ್‌ಪೋರ್ಟನ್ನು ಅಂಗಿಯ ಕಿಸೆಯಲ್ಲಿ ಎರಡು ಸಲ ಮುಟ್ಟಿ ನೋಡಿಕೊಂಡು, ಜಗಲಿಯಲ್ಲಿ ಕುಳಿತಿದ್ದ ಅಜ್ಜಿಯ ಕಾಲು ಹಿಡಿದು “ಹೋಗುತ್ತೇನೆ ಅಜ್ಜೀ” ಎಂದ. ಅಜ್ಜಿ ತಲೆಯ ಮೇಲೆ ಕೈ ಇಡಲಿಲ್ಲ. ಸುಮ್ಮನೆ ಅವನ ಮುಖ ನೋಡಿದರು.

“ಬರುತ್ತೇನೆ ಅಜ್ಜೀ,” ಎಂದು ಹುಡುಗ ತಿದ್ದಿಕೊಂಡ.

“ಹಾಂ, ಬಾ,” ಎಂದು ಅಜ್ಜಿ ಕೈ ಇಟ್ಟರು. ಕಾರು ತೋಡಿನ ಸಂಕ ದಾಟಿ ಹೋಯಿತು.